ಬಿಲ್ ಇಲ್ಲದ ಮಣಿ



ಈ ಸಲ ಒಂದು ಮಣಿಯ ವಿಷಯ ಬರೆಯುತ್ತಿದ್ದೇನೆ. ಚಿನ್ನದ ಮಣಿಯಲ್ಲ, ಮುತ್ತೂ ಅಲ್ಲ. ಕಿರುಬೆರಳಿನ ತುದಿಯಷ್ಟಿರುವ ಮರದ ಮಣಿ. ಇದರ ಕಾರಣಕ್ಕೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರ ಚರ್ಚೆ ನಡೆಯಿತು. ನನ್ನ ಮಾಮ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು. ಹಾಗಾಗಿ ಮಣಿ ಸಣ್ಣದಾದರೂ ವಿಷಯ ಸಣ್ಣದಲ್ಲ.

ನಮ್ಮ ಉಪ್ಪ ಸುಮಾರು ನಲವತ್ತು ವರ್ಷದ ಹಿಂದೆ ವಿಟ್ಲದ ಕಡೆಯಿಂದ ಹೊಸೂರಿಗೆ ಬಂದವರು. ಆಗ ಸಿಪ್ಕಾಟ್‌ನಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಬರುತ್ತಿತ್ತು, ಊರು ಬೆಳೆಯುತ್ತಿತ್ತು. ಉಪ್ಪ ಒಂದು ಫ್ಯಾನ್ಸಿ ಅಂಗಡಿ ಹಾಕಿದರು. ಬಳೆ, ರಿಬ್ಬನ್, ಟಿಕ್ಲಿ, ಸೇಫ್ಟಿ ಪಿನ್, ಗಾಜಿನ ಭರಣಿಗಳಲ್ಲಿ ಬಣ್ಣಬಣ್ಣದ ಮಣಿ. ಗಿರಾಕಿಗಳು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಾತಾಡುತ್ತಾರೆ, ಉಪ್ಪ ಮೂರರಲ್ಲೂ ಉತ್ತರ ಕೊಡುತ್ತಾರೆ. ಲೆಕ್ಕ ಮಾತ್ರ ಕನ್ನಡದಲ್ಲಿ ಬರೆಯುತ್ತಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಸಿಪ್ಕಾಟ್‌ನ ಒಂದು ಯೂನಿಟ್‌ನಲ್ಲಿ ಕೆಲಸಕ್ಕಿದ್ದೇನೆ. ಭಾನುವಾರ ಉಪ್ಪನ ಅಂಗಡಿಯಲ್ಲಿ ಕೂರುತ್ತೇನೆ.

ನನ್ನ ಮಗ ಆರನೇ ಕ್ಲಾಸು. ಈ ವರ್ಷ ಶಾಲೆಯಲ್ಲಿ ಸ್ಕೌಟ್ ಸೇರಿದ್ದಾನೆ. ಮೊದಲ ಕ್ಯಾಂಪ್ ಮುಗಿಸಿ ಬಂದವನು ಸೀದಾ ಅಂಗಡಿಗೆ ಬಂದು ಮಣಿಯ ಭರಣಿಗಳನ್ನು ನೋಡುತ್ತಾ ನಿಂತ. ಅವನ ಸ್ಕೌಟ್ ಮಾಸ್ಟರ್ ಕೊರಳಲ್ಲಿ ಚರ್ಮದ ದಾರಕ್ಕೆ ಪೋಣಿಸಿದ ಎರಡು ಮರದ ಮಣಿ ಇರುತ್ತವಂತೆ. ದೊಡ್ಡ ತರಬೇತಿ ಮುಗಿಸಿದವರಿಗೆ ಮಾತ್ರ ಅದು ಸಿಗುವುದಂತೆ. ಕ್ಯಾಂಪ್ ಫೈರ್‌ನಲ್ಲಿ ಮಕ್ಕಳು ಅದೇನೆಂದು ಕೇಳಿದ್ದಾರೆ. ಮಾಸ್ಟರ್ ಹೇಳಿದರಂತೆ: "ಇದು ಆಫ್ರಿಕಾದ ಒಬ್ಬ ರಾಜನ ಹಾರದ ಮಣಿ. ಬೇಡನ್ ಪವೆಲ್ ಅವರಿಗೆ ಯುದ್ಧದಲ್ಲಿ ಸಿಕ್ಕಿತು."

ಉಪ್ಪ ಕನ್ನಡಕದ ಮೇಲಿಂದ ನೋಡಿ ಮೊಮ್ಮಗನನ್ನು ಕೇಳಿದರು: "ಸಿಕ್ಕಿತಾ? ಬಿಲ್ ಇತ್ತಾ?"

ಉಪ್ಪ ತಮಾಷೆಗೆ ಕೇಳಿದ್ದು. ಅಂಗಡಿಗೆ ಯಾರಾದರೂ ಕಡಿಮೆ ಬೆಲೆಗೆ ಸಾಮಾನು ಕೊಡಲು ಬಂದರೆ ಅವರು ಕೇಳುವ ಮೊದಲ ಪ್ರಶ್ನೆ ಅದೇ. ಬಿಲ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಆದರೆ ಹುಡುಗ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಕೇಳಿದ: "ಉಪ್ಪ, ಯುದ್ಧದಲ್ಲಿ ಸಿಕ್ಕಿತು ಅಂದರೆ ರಾಜ ಕೊಟ್ಟದ್ದಾ, ಇವರು ತೆಗೆದದ್ದಾ?"

ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಆ ರಾಜನ ಹೆಸರು ದಿನುಝುಲು. ದಕ್ಷಿಣ ಆಫ್ರಿಕಾದ ಝುಲು ಜನರ ರಾಜ. ಅವನ ತಂದೆ ಸೆಟ್ಶ್ವಾಯೊ ಕಾಲದಲ್ಲಿ, 1879ರ ಜನವರಿ 22ರಂದು, ಇಸಾಂಡ್ಲ್ವಾನಾ ಎಂಬಲ್ಲಿ ಝುಲು ಸೈನ್ಯ ಬ್ರಿಟಿಷರನ್ನು ಸೋಲಿಸಿತ್ತು. ಅದೇ ವರ್ಷ ಜುಲೈಯಲ್ಲಿ ಬ್ರಿಟಿಷರು ಝುಲು ರಾಜಧಾನಿಯನ್ನು ಸುಟ್ಟರು. ತಂದೆ ತೀರಿಕೊಂಡ 1884ರಲ್ಲಿ ದಿನುಝುಲು ಪಟ್ಟಕ್ಕೆ ಬಂದಾಗ ಅವನಿಗೆ ಹದಿನಾರರ ಆಸುಪಾಸು. ಮೂರು ವರ್ಷದಲ್ಲಿ, 1887ರಲ್ಲಿ, ಬ್ರಿಟಿಷರು ಝುಲುಲ್ಯಾಂಡನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. 1888ರಲ್ಲಿ ದಿನುಝುಲು ತಿರುಗಿ ಬಿದ್ದ. ಅವನನ್ನು ಹಿಡಿಯಲು ಹೋದ ಸೈನ್ಯದಲ್ಲಿ ರಾಬರ್ಟ್ ಬೇಡನ್ ಪವೆಲ್ ಎಂಬ 31 ವರ್ಷದ ಅಧಿಕಾರಿ ಇದ್ದ. ಅಲ್ಲಿನ ಬ್ರಿಟಿಷ್ ಸೇನೆಯ ಮುಖ್ಯಸ್ಥ ಅವನ ಸ್ವಂತ ಮಾವನೇ.

ದಿನುಝುಲು ಸೆಝಾ ಬೆಟ್ಟದ ಕಾಡಿನಲ್ಲಿ ಅಡಗಿದ್ದ. ಅವನು ಬಿಟ್ಟುಹೋದ ಗುಡಿಸಲಿನಲ್ಲಿ ಹಾರ ಸಿಕ್ಕಿತು ಎಂಬುದು ಸ್ಕೌಟ್ ವಲಯದಲ್ಲಿ ಹೆಚ್ಚಾಗಿ ಹೇಳುವ ಕಥೆ. ಹಾರ ಕೈಸೇರಿದ ರೀತಿಯ ಬಗ್ಗೆ ಬೇಡನ್ ಪವೆಲ್‌ನ ಜೀವನ ಬರೆದವರಲ್ಲಿ ಒಮ್ಮತವಿಲ್ಲ. ಆದರೆ ರಾಜ ಕೈಯಾರೆ ಕೊಟ್ಟ ಉಡುಗೊರೆ ಎಂದು ಈ ಕಥೆಯೂ ಹೇಳುವುದಿಲ್ಲ. ಹಾರ ಸುಮಾರು 12 ಅಡಿ ಉದ್ದ, ಸಾವಿರಕ್ಕೂ ಹೆಚ್ಚು ಮರದ ಮಣಿ ಎನ್ನುತ್ತಾರೆ. ಝುಲು ಭಾಷೆಯಲ್ಲಿ ಇಂಥ ಮಣಿಗೆ 'ಇಝಿಕು' ಎಂದು ಹೆಸರು. ಇದು ಅಲಂಕಾರಕ್ಕೆ ಹಾಕುವ ಸರ ಅಲ್ಲ. ಯುದ್ಧದಲ್ಲಿ ಧೈರ್ಯ ತೋರಿಸಿದವರು ಧರಿಸುವ ಗೌರವದ ಗುರುತು. ನಮ್ಮ ಕಾಲದ ಪದಕದ ಹಾಗೆ.

ದಿನುಝುಲು ಮೇಲೆ ರಾಜದ್ರೋಹದ ಕೇಸು ಹಾಕಿ 1890ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಗಡೀಪಾರು ಮಾಡಿದರು. ನೆಪೋಲಿಯನ್ ಸತ್ತ ದ್ವೀಪ ಅದೇ. ಅವನದೇ ಊರಿನಲ್ಲಿ ಅವನು ರಾಜದ್ರೋಹಿ! ಏಳೆಂಟು ವರ್ಷದ ನಂತರ ಬಿಟ್ಟರು. 1906ರಲ್ಲಿ ನಟಾಲ್‌ನಲ್ಲಿ ಬಂಬಾಥಾನ ದಂಗೆಯಾದಾಗ ಮತ್ತೆ ಇವನ ಮೇಲೆ ಕೇಸು, ಮತ್ತೆ ಜೈಲು. 1913ರಲ್ಲಿ ಅರಮನೆಯಿಂದ ದೂರ, ಟ್ರಾನ್ಸ್‌ವಾಲ್‌ನ ಒಂದು ಫಾರ್ಮಿನಲ್ಲಿ ತೀರಿಕೊಂಡ.

ಆರು ವರ್ಷ ಕಳೆದು, 1919ರ ಸೆಪ್ಟೆಂಬರಿನಲ್ಲಿ, ಲಂಡನ್ ಹತ್ತಿರದ ಗಿಲ್ವೆಲ್ ಪಾರ್ಕ್‌ನಲ್ಲಿ ಸ್ಕೌಟ್ ಮಾಸ್ಟರುಗಳ ಮೊದಲ ದೊಡ್ಡ ತರಬೇತಿ ನಡೆಯಿತು. ಮುಗಿಸಿದವರಿಗೆ ಏನು ಕೊಡುವುದು? ಬೇಡನ್ ಪವೆಲ್ ಮೂವತ್ತು ವರ್ಷದಿಂದ ಇಟ್ಟುಕೊಂಡಿದ್ದ ಹಾರವನ್ನು ಬಿಚ್ಚಿ ಮಣಿಗಳನ್ನು ಹಂಚಿದ. ಅದಕ್ಕೆ 'ವುಡ್ ಬ್ಯಾಡ್ಜ್' ಎಂದು ಹೆಸರಾಯಿತು. ಮೂಲ ಮಣಿಗಳು ಸಾಲದೆ ಬಂದಾಗ ಅದೇ ಆಕಾರದಲ್ಲಿ ಬೇರೆ ಮರದ ಮಣಿ ಮಾಡಿಸಿದರು. ಇವತ್ತು ಜಗತ್ತಿನ ಸ್ಕೌಟ್ ಮಾಸ್ಟರುಗಳು ಹಾಕುವುದು ಆ ನಕಲುಗಳನ್ನು. ನಮ್ಮ ದೇಶದಲ್ಲಿ ಅದಕ್ಕೆ 'ಹಿಮಾಲಯ ವುಡ್ ಬ್ಯಾಡ್ಜ್' ಎನ್ನುತ್ತಾರೆ. ಝುಲುಲ್ಯಾಂಡಿನ ಮಣಿ ಗಿಲ್ವೆಲ್‌ಗೆ ಹೋಗಿ ವುಡ್ ಬ್ಯಾಡ್ಜ್ ಆಯಿತು, ನಮ್ಮಲ್ಲಿಗೆ ಬಂದು ಹಿಮಾಲಯವಾಯಿತು. ದಿನುಝುಲು ಹೆಸರು ಎಲ್ಲೂ ಇಲ್ಲ.

ಇದನ್ನು ನಾನು ಕುಟುಂಬದ ಗ್ರೂಪಿನಲ್ಲಿ ಹಾಕಿದೆ. ಹಾಕಬಾರದಿತ್ತೋ ಏನೋ. ದುಬೈಯಲ್ಲಿರುವ ಒಬ್ಬ ದಾಯಾದಿ ಕೂಡಲೇ ಬರೆದ: "ಲೂಟಿಯ ಮಾಲು ಕೊರಳಿಗೆ ಹಾಕುವ ಸಂಸ್ಥೆಗೆ ಮಗನನ್ನು ಯಾಕೆ ಕಳಿಸುತ್ತೀ? ನಾಳೆಯೇ ಬಿಡಿಸು." ಇನ್ನೊಬ್ಬ ಬರೆದ: "ನೂರು ವರ್ಷದ ಹಿಂದಿನ ಮಾತು, ಎರಡು ಮರದ ಚೂರು, ಮಕ್ಕಳು ಕ್ಯಾಂಪಿಗೆ ಹೋಗಿ ಗಂಟು ಹಾಕುವುದು ಕಲಿಯಲಿ, ನಿನಗೆ ಬೇರೆ ಕೆಲಸ ಇಲ್ಲವಾ?"

ಇಬ್ಬರದೂ ತಪ್ಪು ಎಂದೇ ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮೊದಲು, ಎಲ್ಲ ಮಣಿಯೂ ಒಂದೇ ಅಲ್ಲ. ಫ್ಯಾನ್ಸಿ ಅಂಗಡಿಯವನ ಮಗನಾಗಿ ಇದನ್ನು ನಾನು ಹೇಳಬಹುದು. ಝುಲು ಹೆಂಗಸರ ಗಾಜಿನ ಮಣಿಯ ಕೆಲಸ ಜಗತ್ಪ್ರಸಿದ್ಧ. ಹುಡುಗಿಯರು ತಾವು ಮೆಚ್ಚಿದ ಹುಡುಗನಿಗೆ ಮಣಿಯ ಪಟ್ಟಿ ಹೆಣೆದು ಕೊಡುತ್ತಿದ್ದರು. ಬಣ್ಣಗಳ ಜೋಡಣೆಯಲ್ಲೇ ಸಂದೇಶ ಇರುತ್ತಿತ್ತು. ಬಣ್ಣದ ಅರ್ಥ ಊರಿಂದ ಊರಿಗೆ ಬೇರೆ. ಹೊರಗಿನವನಿಗೆ ಅದು ಬರೀ ಚಂದದ ಪಟ್ಟಿ, ಓದಲು ಬರುವವರಿಗೆ ಕಾಗದ. ಎರಡನೇ ಮಹಾಯುದ್ಧದಲ್ಲಿ ಈಜಿಪ್ಟ್ ಕಡೆಗೂ ಭಾರತದ ಕಡೆಗೂ ಹೋಗುವ ಸೈನಿಕರ ಹಡಗುಗಳು ಡರ್ಬನ್ ಬಂದರಿನಲ್ಲಿ ನಿಲ್ಲುತ್ತಿದ್ದವು. ಅಲ್ಲಿನ ಝುಲು ರಿಕ್ಷಾದವರು ಮಣಿಯ ಅಂಗಿ, ಕೊಂಬಿನ ಕಿರೀಟ ಹಾಕಿ ಸೈನಿಕರನ್ನು ಎಳೆದುಕೊಂಡು ಓಡುತ್ತಿದ್ದರು. ಸೈನಿಕರು ಮಣಿಯ ಸರ ಕೊಂಡು ಅಮ್ಮನಿಗೋ ಹೆಂಡತಿಗೋ ಒಯ್ದರು. ಅವರ ಮಕ್ಕಳು, ಮೊಮ್ಮಕ್ಕಳು ಅದನ್ನು ಮ್ಯೂಸಿಯಂಗೆ ಕೊಟ್ಟರು. ಅಲ್ಲಿನ ಚೀಟಿಯಲ್ಲಿ ತಂದ ಸೈನಿಕನ ಹೆಸರು ಇರುತ್ತದೆ. ಹೆಣೆದ ಹೆಣ್ಣಿನ ಹೆಸರು ಹೆಚ್ಚಾಗಿ ಇರುವುದಿಲ್ಲ.

ಆದರೂ ಅಲ್ಲಿ ಒಂದು ವ್ಯಾಪಾರ ನಡೆದಿದೆ. ಮಾಡಿದವಳಿಗೆ ಕಾಸು ಸಿಕ್ಕಿದೆ. ಕಡಿಮೆ ಸಿಕ್ಕಿರಬಹುದು, ಆದರೂ ಬಿಲ್ ಇರುವ ಮಾಲು. ಇನ್ನೊಂದು ವಿಷಯ ಕೇಳಿ. ಆ ಗಾಜಿನ ಮಣಿಗಳನ್ನು ಝುಲು ಜನ ತಯಾರಿಸುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದಿಂದ ಹೆಚ್ಚಿನವು ಯುರೋಪಿನಿಂದ, ಈಗಿನ ಜೆಕ್ ದೇಶದ ಬೊಹೀಮಿಯಾದಿಂದ ಬರುತ್ತಿದ್ದವು. ನಟಾಲ್‌ನ ಹಳ್ಳಿ ಅಂಗಡಿಗಳಲ್ಲಿ ಅದನ್ನು ಮಾರುತ್ತಿದ್ದವರಲ್ಲಿ ನಮ್ಮ ದೇಶದವರೂ ಇದ್ದರು. 1860ರ ನವೆಂಬರ್ 16ರಂದು ಮದ್ರಾಸಿನಿಂದ ಹೊರಟ ಮೊದಲ ಹಡಗು ಕೂಲಿಯಾಳುಗಳನ್ನು ಡರ್ಬನ್‌ಗೆ ಇಳಿಸಿತು. ಅವರ ಹಿಂದೆ ಗುಜರಾತಿನ ಮುಸ್ಲಿಂ ವ್ಯಾಪಾರಿಗಳು ಹೋಗಿ ಅಂಗಡಿ ಇಟ್ಟರು. 1893ರಲ್ಲಿ ಗಾಂಧೀಜಿಯನ್ನು ಕೇಸಿಗಾಗಿ ಕರೆಸಿಕೊಂಡ ದಾದಾ ಅಬ್ದುಲ್ಲಾ ಅವರ ಕಂಪೆನಿ ಅಂಥದ್ದೇ ಒಂದು. ಪರಊರಿನಲ್ಲಿ, ಪರಭಾಷೆಯ ಗಿರಾಕಿಗೆ, ಭರಣಿಯಿಂದ ಮಣಿ ಅಳೆದು ಕೊಡುವ ವ್ಯಾಪಾರಿ. ಓದುವಾಗ ನನಗೆ ಉಪ್ಪ ಕಣ್ಣ ಮುಂದೆ ಬಂದರು.

ಹಾಗಾದರೆ ಆ ಮಣಿ ಯಾರದ್ದು? ಗಾಜು ಜೆಕ್, ಅಂಗಡಿ ಗುಜರಾತಿ, ಮಾತು ಮಾತ್ರ ಝುಲು ಹುಡುಗಿಯದ್ದು. ಮಾಲು ಕೈ ಬದಲಿಸಬಹುದು, ಅದರಲ್ಲಿರುವ ಮಾತು ಹೇಳಿದವಳದ್ದೇ.

ಇಝಿಕು ಹಾಗಲ್ಲ. ಅದನ್ನು ಯಾವ ಅಂಗಡಿಯಲ್ಲೂ ಅಳೆದು ಕೊಡುತ್ತಿರಲಿಲ್ಲ. ಗಳಿಸಬೇಕಿತ್ತು. ಕೊಂಡು ತಂದ ನೆನಪಿನ ಕಾಣಿಕೆಯನ್ನೂ ಸೋತವನ ಕೊರಳಿನ ಪದಕವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹಾಗಾಗಿ "ಎರಡು ಮರದ ಚೂರು" ಎನ್ನುವವನ ಮಾತು ನನಗೆ ಒಪ್ಪಿಗೆ ಇಲ್ಲ.

ಇನ್ನು ಬಿಡಿಸು ಎನ್ನುವವನಿಗೆ. ನಮ್ಮ ದೇಶದಲ್ಲಿ ಸ್ಕೌಟ್ ಶುರುವಾದದ್ದು 1909ರಲ್ಲಿ, ಇಲ್ಲಿಂದ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬವರು ಆರಂಭಿಸಿದ್ದು. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಮಕ್ಕಳಿಗೆ ಪ್ರವೇಶ ಇರಲಿಲ್ಲ. ನಮ್ಮವರು ಬಾಗಿಲ ಹೊರಗೆ ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಮದ್ರಾಸಿನಲ್ಲಿ ಆನಿ ಬೆಸೆಂಟ್ ಭಾರತೀಯ ಹುಡುಗರಿಗಾಗಿಯೇ ಸ್ಕೌಟ್ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ್ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ಸ್ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. 2022ರ ಡಿಸೆಂಬರಿನಲ್ಲಿ ನಮ್ಮ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಹೊರಗಿಟ್ಟ ಸಂಸ್ಥೆಯನ್ನು ನಮ್ಮವರು ತಮ್ಮದಾಗಿ ಮಾಡಿಕೊಂಡಿದ್ದಾರೆ. ಈಗ ಬಿಟ್ಟು ಬರುವುದು ಯಾಕೆ?

ದಿನುಝುಲು ಊರಿನಲ್ಲಿ ಏನಾಯಿತು ಎಂದು ನೋಡಿದರೆ ಇನ್ನೂ ನೋವಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಹುಡುಗರನ್ನು ಸ್ಕೌಟ್‌ಗೆ ಸೇರಿಸಿಕೊಳ್ಳಲಿಲ್ಲ. ಅವರಿಗಾಗಿ 1922ರಲ್ಲಿ 'ಪಾತ್‌ಫೈಂಡರ್' ಎಂದು ಬೇರೆ ಸಂಘ ಮಾಡಿದರು. ಬಿಳಿಯರ, ಕರಿಯರ, ಭಾರತೀಯರ ಸ್ಕೌಟುಗಳೆಲ್ಲ ಪೂರ್ತಿ ಒಂದಾದದ್ದು 1977ರಲ್ಲಿ. ಅಂದರೆ ಮಣಿ ಝುಲು ರಾಜನದ್ದು, ಝುಲು ಹುಡುಗನಿಗೆ ಮಾತ್ರ ಒಳಗೆ ಜಾಗ ಇಲ್ಲ. ಈ ಮಾತನ್ನು ಕ್ಯಾಂಪ್ ಫೈರ್‌ನಲ್ಲಿ ಹೇಳಬೇಕು. ಹೇಳಿದರೆ ಸ್ಕೌಟ್ ಸಣ್ಣದಾಗುವುದಿಲ್ಲ. ಮಗು ದೊಡ್ಡದಾಗುತ್ತದೆ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಹೊಸೂರಿನಿಂದ ಧರ್ಮಪುರಿ ಕಡೆ ಹೋಗುವ ರೈಲಿನಲ್ಲಿ ಕೂತರೆ ರಾಯಕೋಟೆ ಸಿಗುತ್ತದೆ. ಬೆಟ್ಟದ ಮೇಲೆ ಹಳೆಯ ಕೋಟೆ. 1799ರ ಮಾರ್ಚ್ ಮೊದಲ ವಾರ ಜನರಲ್ ಹ್ಯಾರಿಸ್‌ನ ಸೈನ್ಯ ಈ ದಾರಿಯಲ್ಲೇ ಮೈಸೂರಿನ ಗಡಿ ದಾಟಿದ್ದು. ಎರಡು ತಿಂಗಳಲ್ಲಿ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹತನಾದ. ಆಮೇಲೆ ನಡೆದದ್ದು ನಮ್ಮ ಮಕ್ಕಳಿಗೂ ಗೊತ್ತು. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದೆ. ರಾಮನ ಹೆಸರು ಕೆತ್ತಿದ ಉಂಗುರ 2014ರಲ್ಲಿ ಲಂಡನ್ನಿನಲ್ಲಿ 1,45,000 ಪೌಂಡಿಗೆ ಹರಾಜಾಯಿತು. ಮಲಗುವ ಕೋಣೆಯ ಖಡ್ಗ 2023ರ ಮೇ ತಿಂಗಳಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಖಡ್ಗದ ಸುದ್ದಿ ಬಂದ ದಿನ ನಮ್ಮ ಗ್ರೂಪಿನಲ್ಲಿ ಎಷ್ಟು ಸಂದೇಶ! "ಕಳ್ಳರು," "ನಮ್ಮ ಖಡ್ಗ," "ವಾಪಸ್ ತರಬೇಕು." ನಾನೂ ಬರೆದಿದ್ದೆ.

ಆದರೆ ಒಂದು ವ್ಯತ್ಯಾಸ ನೋಡಿ. ಟಿಪ್ಪುವಿನ ವಸ್ತುವಿನಿಂದ ಟಿಪ್ಪುವಿನ ಹೆಸರನ್ನು ಯಾರೂ ಅಳಿಸಲಿಲ್ಲ, ಯಾಕೆಂದರೆ ಹೆಸರಿದ್ದರೆ ಬೆಲೆ ಹೆಚ್ಚು. ದಿನುಝುಲುವಿನ ಮಣಿಯಿಂದ ಅವನ ಹೆಸರು ಹೋಯಿತು. ಟಿಪ್ಪುವಿನ ಖಡ್ಗಕ್ಕೆ ಸಿಟ್ಟು ಬರುವ ನಮಗೆ ದಿನುಝುಲುವಿನ ಮಣಿಗೆ ಏನೂ ಅನಿಸದಿದ್ದರೆ ನಮ್ಮ ಸಿಟ್ಟು ನ್ಯಾಯದ ಸಿಟ್ಟಲ್ಲ, ನಮ್ಮವನು ಎಂಬ ಸಿಟ್ಟು ಅಷ್ಟೇ.

ನ್ಯಾಯ ಎಂದರೆ ಇನ್ನೂ ಒಂದು ಹೆಜ್ಜೆ ಹೋಗಬೇಕು. ಟಿಪ್ಪುವೂ ಯುದ್ಧ ಮಾಡಿದವನು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ನಮ್ಮ ನೆರೆಮನೆಯವರ ನೆನಪಿನಲ್ಲಿ ಇವತ್ತಿಗೂ ಇದೆ. ಮಂಗಳೂರಿನಲ್ಲಿ ನನ್ನ ಜೊತೆ ಡಿಪ್ಲೊಮಾ ಓದಿದ ಗೆಳೆಯ ಒಬ್ಬ ಇದನ್ನು ನನಗೆ ಹೇಳಿದಾಗ ನಾನು ಮಾತು ತಿರುಗಿಸಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ನಮ್ಮಿಂದ ಹೋದದ್ದನ್ನು ಮಾತ್ರ ಲೆಕ್ಕ ಬರೆದು ನಮ್ಮ ಕಡೆಯವರು ತೆಗೆದದ್ದನ್ನು ಬರೆಯದಿದ್ದರೆ ಅದು ಲೆಕ್ಕದ ಪುಸ್ತಕವೇ ಅಲ್ಲ ಎಂದು ಉಪ್ಪ ಹೇಳುತ್ತಾರೆ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಶೋಕೇಸ್ ನೋಡಿದೆ. ಅಲ್ಲಿ ಒಂದು ದಲ್ಲಾ ಇದೆ. ಅರಬ್ಬರು ಕಾಫಿ ಬಗ್ಗಿಸುವ, ಉದ್ದ ಕೊಕ್ಕಿನ ಹಿತ್ತಾಳೆ ಪಾತ್ರೆ. ನನಗೆ ಮೂರು ವರ್ಷ ಇದ್ದಾಗ ಮಾಮ ಕುವೈತ್‌ನಿಂದ ತಂದದ್ದು. ಪೆರ್ನಾಲ್ ದಿನ ಉಮ್ಮ ಅದನ್ನು ಹುಣಸೆಹುಳಿ ಹಾಕಿ ಉಜ್ಜಿ ಫಳಫಳ ಮಾಡುತ್ತಾರೆ. ಯಾರು ಕೇಳಿದರೂ ನಮ್ಮ ಉತ್ತರ ಒಂದೇ: "ಮಾಮ ಯುದ್ಧದ ಸಮಯ ತಂದದ್ದು." ಮುಂದಿನ ಪ್ರಶ್ನೆ ಯಾರೂ ಕೇಳಿರಲಿಲ್ಲ. ಈ ಸಲ ನನ್ನ ಮಗ ಕೇಳಿದ: "ಕೊಂಡದ್ದಾ?"

1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ನಮ್ಮ ಎಷ್ಟು ಬ್ಯಾರಿ ಮನೆಗಳಿಗೆ ಆ ದಿನ ನೆನಪಿದೆ! ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಟೆಂಟುಗಳಲ್ಲಿ ಕಾದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬಂದವರು ನಮ್ಮವರು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹಾಗೆ ತಂದರು. ಮಾಮ ಅವರಲ್ಲೊಬ್ಬರು. ಒಂದು ಕೈಚೀಲ, ಅದರಲ್ಲಿ ಬಟ್ಟೆ ಸುತ್ತಿದ ದಲ್ಲಾ.

ನಾನು ಮಾಮನಿಗೆ ಫೋನ್ ಮಾಡಿ ಕೇಳಿದೆ. ಅವರು ಒಂದು ಕುವೈತಿ ಮನೆಯಲ್ಲಿ ಡ್ರೈವರ್ ಆಗಿದ್ದರು. ಮನೆಯವರು ರಾತ್ರೋರಾತ್ರಿ ಸೌದಿ ಕಡೆಗೆ ಹೋದರು. ಬಾಗಿಲು ತೆರೆದೇ ಇತ್ತು. ಇರಾಕಿ ಸೈನಿಕರು ಬಂದು ಟಿವಿ, ಫ್ರಿಜ್, ಕಾರ್ಪೆಟ್ ಎಲ್ಲ ಲಾರಿಗೆ ಹಾಕಿದರು. ಅಡುಗೆಮನೆಯಲ್ಲಿ ಈ ಒಂದು ಪಾತ್ರೆ ಉಳಿದಿತ್ತು. ಮಾಮ ತೆಗೆದುಕೊಂಡರು. "ನಾಲ್ಕು ತಿಂಗಳ ಸಂಬಳ ಬಾಕಿ ಇತ್ತು ಮೋನೇ. ನಾನು ತೆಗೆಯದಿದ್ದರೆ ಸೈನಿಕರು ತೆಗೆಯುತ್ತಿದ್ದರು," ಎಂದರು. ನಾನು ಸುಮ್ಮನಿರಬಹುದಿತ್ತು. ಆದರೆ ಕೇಳಿಯೇ ಬಿಟ್ಟೆ: "ಮಾಮ, ಆಮೇಲೆ ವಿಶ್ವಸಂಸ್ಥೆಯ ಪರಿಹಾರದ ಹಣ ಬಂದಿತ್ತಲ್ಲ?" ಕುವೈತ್ ಬಿಟ್ಟು ಬಂದವರಿಗೆ ಪರಿಹಾರ ಆಯೋಗದಿಂದ ಹಣ ಬಂದದ್ದು ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತು. ಮಾಮನಿಗೂ ಬಂದಿತ್ತು. ಮನೆಯ ಮಾಡು ಅದರಿಂದಲೇ ಆದದ್ದು.

ಮಾಮ ಹೇಳಿದರು: "ಅಂದರೆ ನೀನು ನನ್ನನ್ನು ಕಳ್ಳ ಎನ್ನುತ್ತಿದ್ದೀಯಾ?" ಫೋನ್ ಇಟ್ಟರು.

ನಾನು ಹಾಗೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಬಂದೂಕು ಹಿಡಿದು ಹೋದ ಅಧಿಕಾರಿಯೂ ಜೀವ ಉಳಿಸಿಕೊಂಡು ಓಡಿಬಂದ ಡ್ರೈವರೂ ಒಂದೇ ಅಲ್ಲ. ಆದರೆ ವಸ್ತುವಿನ ಕಡೆಯಿಂದ ನೋಡಿದರೆ ಪ್ರಶ್ನೆ ಒಂದೇ: ಒಡೆಯರು ಯಾರು, ಅವರ ಹೆಸರು ಉಳಿದಿದೆಯಾ? ನಮ್ಮ ಕಾರ್ಖಾನೆಯಲ್ಲಿ ಟ್ಯಾಗ್ ಇಲ್ಲದ ಪಾರ್ಟ್ ಎಷ್ಟೇ ಚೆನ್ನಾಗಿದ್ದರೂ ಗಾಡಿಗೆ ಹಾಕುವುದಿಲ್ಲ. ಎಲ್ಲಿಂದ ಬಂತು, ಯಾವ ಬ್ಯಾಚ್ ಎಂದು ಗೊತ್ತಾಗುವ ತನಕ ಕೆಂಪು ಡಬ್ಬಿಯಲ್ಲಿ ಇಡುತ್ತೇವೆ. ಅಲ್ಲಿ ಇಟ್ಟಿದ್ದೇವೆ ಎಂದರೆ ಎಸೆದಿದ್ದೇವೆ ಎಂದಲ್ಲ, ನಮ್ಮದು ಎನ್ನಲು ಇನ್ನೂ ಆಗುವುದಿಲ್ಲ ಎಂದು.

ಎರಡು ದಿನ ಕಳೆದು, ಮಗ್ರಿಬ್ ನಂತರ, ಮಾಮನೇ ಫೋನ್ ಮಾಡಿದರು. ಹೆಚ್ಚು ಮಾತಿಲ್ಲ. ಆ ಮನೆಯ ಯಜಮಾನರ ಹೆಸರು, ತಂದೆಯ ಹೆಸರು, ಮನೆ ಇದ್ದ ಜಾಗ, ಮೂವರು ಮಕ್ಕಳ ಹೆಸರು ಹೇಳಿದರು. ಮೂವತ್ತೈದು ವರ್ಷದ ನಂತರವೂ ಒಂದೂ ಮರೆತಿರಲಿಲ್ಲ. "ದೊಡ್ಡ ಹುಡುಗನನ್ನು ದಿನಾ ಶಾಲೆಗೆ ನಾನೇ ಬಿಡುತ್ತಿದ್ದೆ," ಎಂದರು. ಕೊನೆಗೆ ಕೇಳಿದರು: "ಬರೆದುಕೊಂಡೆಯಾ?" ಬರೆದುಕೊಂಡಿದ್ದೆ. ಆ ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ, ಹಾಕಲು ಅವರ ಅನುಮತಿ ನಮಗಿಲ್ಲ. ಒಂದು ಕಾಗದದಲ್ಲಿ ಬರೆದು ದಲ್ಲಾದ ಒಳಗೆ ಇಟ್ಟಿದ್ದೇನೆ. ಕುವೈತಿನಲ್ಲಿರುವ ನಮ್ಮ ಊರಿನ ಇಬ್ಬರಿಗೆ ಹುಡುಕಲು ಹೇಳಿದ್ದೇನೆ. ಸಿಕ್ಕರೆ ಕಳಿಸುವುದು. ಸಿಗುವ ತನಕ ಅದು ನಮ್ಮ ಮನೆಯ ಸಾಮಾನಲ್ಲ, ಅಮಾನತ್. ಹೀಗೆಂದಾಗ ಮಾಮ "ಹೂಂ" ಎಂದರು.

ಇನ್ನು ನಾನು ಹೇಳಬೇಕಾದ ನಾಲ್ಕು ಮಾತು.

ಸ್ಕೌಟ್ ಮಾಸ್ಟರುಗಳಲ್ಲಿ, ವಿಶೇಷವಾಗಿ ನಮ್ಮ ಸಮುದಾಯದ ಶಾಲೆಗಳಲ್ಲಿ ಇರುವವರಲ್ಲಿ ನನ್ನ ವಿನಂತಿ: ಮಣಿ ಹಾಕಿಕೊಳ್ಳಿ. ಕಷ್ಟಪಟ್ಟು ಗಳಿಸಿದ್ದೀರಿ. ಆದರೆ ಮಕ್ಕಳು ಕೇಳಿದಾಗ "ಸಿಕ್ಕಿತು" ಎನ್ನಬೇಡಿ. "ಇದು ದಿನುಝುಲು ಎಂಬ ರಾಜನ ಇಝಿಕು, ಅವನ ನಾಡನ್ನು ಗೆದ್ದ ಸೈನ್ಯದ ಅಧಿಕಾರಿ ಒಯ್ದದ್ದು" ಎನ್ನಿ. ಎರಡು ಸಾಲು ಸಾಕು. ಧೈರ್ಯದ ಮಣಿ ಹಾಕಿದವರಿಗೆ ಅಷ್ಟು ಹೇಳುವ ಧೈರ್ಯ ಇರಲಿ.

ತಂದೆ ತಾಯಂದಿರಲ್ಲಿ: ಮಕ್ಕಳನ್ನು ಬಿಡಿಸಬೇಡಿ. ಬಿಡಿಸಿದರೆ ಆ ಪ್ರಶ್ನೆ ಕೇಳುವ ಒಂದು ಮಗು ಅಲ್ಲಿ ಕಡಿಮೆಯಾಗುತ್ತದೆ.

ಮ್ಯೂಸಿಯಂ, ಹರಾಜು ಎಂದು ಸಿಟ್ಟಾಗುವ ನಮ್ಮೆಲ್ಲರಲ್ಲಿ: ಸಿಟ್ಟು ಇರಲಿ. ಲಂಡನ್ನಿನವರನ್ನು ಕೇಳುವ ಪ್ರಶ್ನೆಯನ್ನು ನಮ್ಮ ಶೋಕೇಸಿಗೂ ಕೇಳೋಣ. ರಂಗೂನಿನಿಂದ, ಸಿಲೋನಿನಿಂದ, ಕುವೈತಿನಿಂದ ನಮ್ಮ ಹಿರಿಯರು ತಂದ ವಸ್ತುಗಳು ನಮ್ಮ ಮನೆಗಳಲ್ಲಿ ಎಷ್ಟೋ ಇವೆ. ಹೆಚ್ಚಿನವು ಬೆವರು ಸುರಿಸಿ ಕೊಂಡವು. ಯಾವುದು ಕೊಂಡದ್ದು, ಯಾವುದು ಕೊಟ್ಟದ್ದು, ಯಾವುದು ತೆಗೆದದ್ದು ಎಂದು ತಂದವರು ಬದುಕಿರುವಾಗಲೇ ಕೇಳಿ ಬರೆದಿಡಿ. ಕೇಳುವಾಗ ನಾನು ಕೇಳಿದ ಹಾಗೆ ಕೇಳಬೇಡಿ. ಸ್ವಲ್ಪ ಮೆತ್ತಗೆ ಕೇಳಿ.

ಕೊನೆಯದು ನನ್ನ ಮಗನ ಸುದ್ದಿ. ಮುಂದಿನ ಕ್ಯಾಂಪ್‌ನಲ್ಲಿ ಈ ಕಥೆ ಹೇಳಲು ಅವನ ಮಾಸ್ಟರ್ ಅವನಿಗೇ ಐದು ನಿಮಿಷ ಕೊಟ್ಟಿದ್ದಾರೆ. ಕೇಳಿದ ಕೂಡಲೇ ಒಪ್ಪಿದರು, ಒಳ್ಳೆಯ ಮನುಷ್ಯ. ಹುಡುಗ ಈಗ ದಿನಾ ಅಂಗಡಿಯಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ನಿನ್ನೆ 'ದಿನುಝುಲು' ಎನ್ನುವಾಗ ಎರಡು ಸಲ ತಡವರಿಸಿದ. ಉಪ್ಪ ಭರಣಿ ಒರೆಸುತ್ತಾ, ತಲೆ ಎತ್ತದೆ ಹೇಳಿದರು: "ಹೆಸರು ಸರಿಯಾಗಿ ಹೇಳು. ಇನ್ನೊಮ್ಮೆ ಹೇಳು."